ವಿಲಿಯಂ ದೊರೆಗೆ ಯಾರು ಎಡೆ ಇಡುತ್ತಾರೆ

ನನ್ನ ಮೇಲೆ ಯಾರೋ ಮಾಟ ಮಾಡಿಸುತ್ತಿದ್ದಾರೆ ಎಂದು ತಿಳಿದಾಗ ನನಗೆ ಭಯಕ್ಕಿಂತ ಮೊದಲು ಸ್ವಲ್ಪ ಹೆಮ್ಮೆಯಾಯಿತು. ನಲವತ್ತು ದಾಟಿದ, ಮದುವೆಯಾಗದ, ಕಾಲೇಜಿನಲ್ಲಿ ಯುರೋಪಿನ ಚರಿತ್ರೆ ಹೇಳಿಕೊಂಡು ಕಾಲ ಹಾಕುವ ಸತ್ಯಭಾಮಾ ಎಂಬ ಹೆಂಗಸಿನ ಮೇಲೆ ಹಗೆ ಸಾಧಿಸುವಷ್ಟು ಪುರುಸೊತ್ತು ಈ ಬೆಂಗಳೂರಿನಲ್ಲಿ ಯಾರಿಗೋ ಇದೆಯಲ್ಲ! ನನ್ನನ್ನು ಪ್ರೀತಿಸುವವರು ಯಾರೂ ಇಲ್ಲದಿದ್ದರೂ ದ್ವೇಷಿಸುವವರಾದರೂ ಒಬ್ಬರು ಇದ್ದಾರೆ ಎಂದುಕೊಂಡೆ.

ಮನೆ ಇರುವುದು ಜಯನಗರದ ಮೂರನೇ ಬ್ಲಾಕಿನ ಅಂಚಿನಲ್ಲಿ, ಬೈರಸಂದ್ರದ ಕಡೆಗೆ. ಐವತ್ತೆಂಟರಲ್ಲಿ ನಾನೂ ಅಮ್ಮನೂ ಗೃಹಪ್ರವೇಶ ಮಾಡಿದಾಗ ರಸ್ತೆಗಳಿಗೆ ಕಲ್ಲು ನೆಟ್ಟಿದ್ದರು, ರಸ್ತೆಗಳು ಇನ್ನೂ ಬಂದಿರಲಿಲ್ಲ. ಸೈಟಿಗೆ ಅರ್ಜಿ ಹಾಕುವಾಗ ಅಣ್ಣ ಜಯಸಿಂಹ, "ಹೆಂಗಸಿನ ಹೆಸರಲ್ಲಿ ಯಾಕೆ ಸುಮ್ನೆ ತಾಪತ್ರಯ, ನನ್ನ ಹೆಸರಲ್ಲಿ ಹಾಕ್ತೀನಿ ಬಿಡು" ಎಂದ. ಮನೆ ಕಟ್ಟಿದ್ದು ನನ್ನ ಸಂಬಳದಲ್ಲಿ, ಜಾಗ ಅವನ ಹೆಸರಿನಲ್ಲಿ. ನನ್ನ ಪಾಠದ ಮಾತಿನಲ್ಲಿ ಹೇಳುವುದಾದರೆ ಅವನು ದೊರೆ, ನಾನು ಅವನ ಮಾಂಡಲಿಕಳು. ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದಲ್ಲಿ ಭೂಮಿ ಪಡೆದವನು ಮಂಡಿಯೂರಿ ಕೂತು, ಮುಗಿದ ಕೈಗಳನ್ನು ದೊರೆಯ ಎರಡು ಕೈಗಳ ನಡುವೆ ಇಟ್ಟು, "ನಾನು ನಿನ್ನವನು" ಎನ್ನಬೇಕಿತ್ತು. ನಾನು ಪ್ರತಿ ಭಾನುವಾರ ಚಾಮರಾಜಪೇಟೆಯ ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಹುಳಿಯನ್ನು ಹೊಗಳಿ ಬರುತ್ತಿದ್ದೆ.

ಮನೆಯ ಹಿಂದೆ, ಮೂಲೆಯಲ್ಲಿ, ಒಂದು ಹಳೆಯ ಹೊಂಗೆ ಮರವಿತ್ತು. ಬಡಾವಣೆಗೆಂದು ನೆಲ ಮಟ್ಟ ಮಾಡಿದವರು ಅದನ್ನು ಯಾಕೋ ಉಳಿಸಿದ್ದರು. ನಾವು ಬಂದ ಮೊದಲ ವರ್ಷ ಮಹಾಲಯ ಅಮಾವಾಸ್ಯೆಯ ದಿನ ನಾನೂ ಅಮ್ಮನೂ ಅಣ್ಣನ ಮನೆಯಲ್ಲಿ ಊಟ ಮುಗಿಸಿ ಸಂಜೆ ಬಸ್ಸಿನಲ್ಲಿ ವಾಪಸು ಬಂದೆವು. ಹಿತ್ತಲಿಗೆ ಹೋದ ಅಮ್ಮ ಕಿಟಾರನೆ ಕಿರುಚಿಕೊಂಡಳು. ಮರದ ಬುಡದಲ್ಲಿ ಅರಿಶಿನ ಕುಂಕುಮ ಬಳಿದ ಒಂದು ಕಲ್ಲು, ನಾಯಿ ಎಳೆದಾಡಿ ಹರಿದಿದ್ದ ಬಾಳೆ ಎಲೆ, ತೆಂಗಿನ ಹೋಳು, ಅರ್ಧ ಉರಿದ ಊದುಬತ್ತಿ. ಒಂದು ಮೂಳೆಯೂ ಇತ್ತು. ಶುದ್ಧ ಸಸ್ಯಾಹಾರಿಗಳ ಹಿತ್ತಲಲ್ಲಿ, ಅಮಾವಾಸ್ಯೆಯ ದಿನ!

"ನಿನಗೆ ಮದುವೆ ಆಗದ ಹಾಗೆ ಯಾರೋ ಮಾಡಿಸಿದಾರೆ ಕಣೇ" ಎಂದು ಅಮ್ಮ ಅತ್ತಳು.

ನನಗಾಗ ನಲವತ್ತೊಂದು. ಮಾಡಿಸಿದವರು ಯಾರೇ ಇರಲಿ, ಸ್ವಲ್ಪ ತಡವಾಗಿಯೇ ಕೈ ಹಾಕಿದ್ದರು. ಹಾಗೆಂದು ಅಮ್ಮನಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ಅಣ್ಣ ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸಿದ. ಮರುವರ್ಷವೂ ಅದೇ ಅಮಾವಾಸ್ಯೆಗೆ ಅದೇ ಕಲ್ಲು, ಅದೇ ಹರಿದ ಎಲೆ. ಅದಾದ ಮೂರು ತಿಂಗಳಿಗೆ ಅಮ್ಮ ಎದೆನೋವೆಂದು ಮಲಗಿದವಳು ಏಳಲಿಲ್ಲ. ಡಾಕ್ಟರು ಹೃದಯ ಎಂದರು. ಅಣ್ಣ ಮಾಟ ಎಂದ. ಚರಿತ್ರೆ ಓದಿದವಳು ನಾನು, ಡಾಕ್ಟರ ಮಾತನ್ನೇ ನಂಬಿದೆ. ಆದರೆ ಅಮ್ಮ ಹೋದ ಮೇಲೆ ಒಬ್ಬಳೇ ಹಿತ್ತಲ ಬಾಗಿಲು ಹಾಕುವಾಗ ಆ ಮರದ ಕಡೆ ನೋಡುವುದನ್ನು ಬಿಟ್ಟೆ.

ಒಂದೇ ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಪ್ರತಿ ಸಲವೂ ಆ ಕಲ್ಲಿನ ಪಕ್ಕದಲ್ಲಿ ಒಂದು ಬೀಡಿ ಇರುತ್ತಿತ್ತು. ಸೇದಿ ಎಸೆದ ಮೋಟಲ್ಲ, ಹೊಸ ಬೀಡಿ. ಮಾಟ ಮಾಡುವವರಿಗೆ ಬೀಡಿ ಯಾಕೆ?

ಒಂಟಿತನವೆಂದರೆ ಏನೆಂದು ನಾನು ಅರವತ್ತನೇ ಇಸವಿಯಲ್ಲಿ ಕಲಿತೆ. ಒಬ್ಬಳಿಗೆ ಅನ್ನ ಮಾಡುವುದು ಬಲು ಕಷ್ಟ, ಎಷ್ಟು ಕಡಿಮೆ ಹಾಕಿದರೂ ಮಿಗುತ್ತದೆ. ನಲ್ಲಿಯಲ್ಲಿ ನೀರು ಬಂದ ಸದ್ದಿಗೆ "ಅಮ್ಮಾ, ನೀರು ಬಂತು" ಎಂದು ಬಾಯಿ ತೆರೆದು ಮುಚ್ಚುತ್ತಿದ್ದೆ. ಅಕ್ಕಪಕ್ಕದ ಸೈಟುಗಳು ಖಾಲಿ. ಸಂಜೆ ಆರಕ್ಕೆ ಮನೆಗೆ ಬಂದರೆ ಬೆಳಗ್ಗೆ ಕಾಲೇಜಿಗೆ ಹೋಗುವ ತನಕ ನನ್ನ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಕಡಲಂಚಿನ ಮಠಗಳ ಸನ್ಯಾಸಿಗಳು ಬೇಸಗೆ ಬಂತೆಂದರೆ ದೂರದ ನೀರನ್ನೇ ನೋಡುತ್ತ ಕೂರುತ್ತಿದ್ದರಂತೆ, ಕಡಲುಗಳ್ಳರಾದ ವೈಕಿಂಗರ ಹಡಗಿನ ಪಟ ಕಾಣುತ್ತದೋ ಏನೋ ಎಂದು. ಅದನ್ನು ಪಾಠ ಮಾಡುವಾಗ ನಾನು ಯಾವಾಗಲೂ ಭಯದ ಬಗ್ಗೆಯೇ ಹೇಳುತ್ತಿದ್ದೆ. ಈಗ ಇನ್ನೊಂದು ಅನುಮಾನ ಬಂದಿತ್ತು. ಇಡೀ ವರ್ಷ ಯಾರೂ ಬಾರದ ಜಾಗದಲ್ಲಿ ಕೊಳ್ಳೆ ಹೊಡೆಯುವವನಾದರೂ ಬಂದರೆ ಸಾಕೆನ್ನಿಸುತ್ತಿತ್ತೇನೋ.

ಅರವತ್ತೊಂದರ ಮಳೆಗಾಲದಲ್ಲಿ ಅಣ್ಣ ಒಂದು ಯೋಜನೆ ತಂದ.

"ನೋಡು ಸತ್ಯಾ, ಹೆಂಗಸು ಒಬ್ಳೇ ಇರೋದು ಚೆನ್ನಾಗಿರಲ್ಲ. ಹಿಂದುಗಡೆ ಒಂದು ಔಟ್‌ಹೌಸ್ ಕಟ್ಸೋಣ. ಒಂದು ಸಂಸಾರ ಬಾಡಿಗೆಗೆ ಬಂದ್ರೆ ನಿನಗೂ ಧೈರ್ಯ. ಇಲ್ಲಾಂದ್ರೆ ಮನೆ ಮಾರಿ ನಮ್ಮ ಜೊತೆ ಬಂದಿರು."

"ಹಿಂದುಗಡೆ ಎಲ್ಲಿ?"

"ಇನ್ನೆಲ್ಲಿ? ಒಂದು ಕಡೆ ಬಾವಿ ಇದೆ. ಆ ದರಿದ್ರ ಹೊಂಗೆ ಮರ ಕಡಿಸಿ ಅಲ್ಲೇ ಪಾಯ ತೆಗೆಸಿದ್ರಾಯ್ತು. ಮಾಟಾನೂ ಮುಗೀತು."

ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಕುಣಿದಾಡುವಷ್ಟು ಖುಷಿಯಾಯಿತು. ಮುಂದಿನ ವಾರವೇ ಅವನು ಒಂದು ಸಂಸಾರವನ್ನು ಕರೆದುಕೊಂಡು ಬಂದ. ಬ್ಯಾಂಕಿನ ಗುಮಾಸ್ತ ರಾಮಪ್ರಸಾದ, ಅವನ ಹೆಂಡತಿ ವಿಮಲಾ, ಕಂಕುಳಲ್ಲಿ ಕಿಟ್ಟಿ ಎಂಬ ಒಂದು ವರ್ಷದ ಮಗು. ಇನ್ನೂ ಕಟ್ಟದ ಮನೆಯನ್ನು ಅವರು ಮರದ ಕೆಳಗೆ ನಿಂತು ಊಹಿಸಿಕೊಂಡರು, ಇಲ್ಲಿ ಅಡುಗೆಮನೆ, ಇಲ್ಲಿ ತೊಟ್ಟಿಲು. ವಿಮಲಾ ಸೆರಗು ಸರಿಮಾಡಿಕೊಳ್ಳಲು ಮಗುವನ್ನು ನನ್ನ ಕೈಗೆ ಕೊಟ್ಟಳು. ಕಿಟ್ಟಿ ನನ್ನ ಕನ್ನಡಕವನ್ನು ಕಿತ್ತು ಬಾಯಿಗೆ ಹಾಕಿಕೊಂಡ. "ಮೇಡಂ, ಇವನು ನಿಮ್ಮನ್ನ ಓದೋದಕ್ಕೆ ಬಿಡಲ್ಲ ನೋಡಿ" ಎಂದು ವಿಮಲಾ ನಕ್ಕಳು. ಬಿಡದಿರಲಿ ಎಂದುಕೊಂಡೆ. ಜೊಲ್ಲು ಮೆತ್ತಿದ ಕನ್ನಡಕವನ್ನು ಅವತ್ತು ಒರೆಸಲು ಮನಸ್ಸು ಬರಲಿಲ್ಲ.

ಇಟ್ಟಿಗೆ ಬಂದು ಹಿತ್ತಲಲ್ಲಿ ರಾಶಿ ಬಿತ್ತು. ದಸರಾ ರಜೆಯಲ್ಲಿ ಕೆಲಸ ಶುರು ಎಂದು ಗೊತ್ತಾಯಿತು. ನಾನು ಗೋಡೆಯಾಚೆಯ ಒಗ್ಗರಣೆಯ ವಾಸನೆಯನ್ನೂ ಮಗುವಿನ ಅಳುವನ್ನೂ ಕನಸು ಕಾಣತೊಡಗಿದೆ.

ರಜೆಗೆ ಮುಂಚಿನ ಕೊನೆಯ ಪಾಠ ಯಾವಾಗಲೂ ನಾರ್ಮನ್ನರದೇ, ಫ್ರಾನ್ಸಿನಲ್ಲಿ ನೆಲೆ ನಿಂತ ವೈಕಿಂಗರ ವಂಶದವರದು. ಪಾಠ ಇಂಗ್ಲಿಷಿನಲ್ಲಿ, ಹುಡುಗಿಯರ ಆಕಳಿಕೆ ಕನ್ನಡದಲ್ಲಿ. ಅವರನ್ನು ಎಬ್ಬಿಸಲು ನನ್ನ ಹತ್ತಿರ ಎರಡು ಕಥೆಗಳಿದ್ದವು. ಒಂದು, ರೋಲೋ ಎಂಬ ವೈಕಿಂಗ್ ನಾಯಕನದು. ಫ್ರಾನ್ಸಿನ ದೊರೆ ಅವನಿಗೆ ನಾಡು ಕೊಟ್ಟು, ಬಂದು ನನ್ನ ಪಾದಕ್ಕೆ ಮುತ್ತಿಡು ಎಂದನಂತೆ. ರೋಲೋ ಬಗ್ಗಲು ಒಪ್ಪದೆ ತನ್ನ ಬಂಟನೊಬ್ಬನನ್ನು ಕಳಿಸಿದ. ಆ ಪುಣ್ಯಾತ್ಮ ತಾನೂ ಬಗ್ಗದೆ ದೊರೆಯ ಪಾದವನ್ನೇ ತನ್ನ ಬಾಯಿಯ ತನಕ ಎತ್ತಿದ, ದೊರೆ ಅಂಗಾತ ಬಿದ್ದ. ಇದಕ್ಕೆ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು.

ಇನ್ನೊಂದು, ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಮನ ಸಾವು. ಅಷ್ಟು ದೊಡ್ಡ ದೊರೆ, ಇಡೀ ದೇಶದ ಎತ್ತು ಹಸುಗಳನ್ನೂ ಬಿಡದೆ ಲೆಕ್ಕ ಬರೆಸಿದವನು, ಸತ್ತ ಕೂಡಲೇ ಹತ್ತಿರವಿದ್ದ ಸರದಾರರೆಲ್ಲ ತಮ್ಮ ತಮ್ಮ ಆಸ್ತಿ ಕಾಯಲು ಕುದುರೆ ಹತ್ತಿ ಓಡಿದರು. ಆಳುಗಳು ಪಾತ್ರೆ, ಬಟ್ಟೆ, ಹಾಸಿಗೆ ಎಲ್ಲ ದೋಚಿಕೊಂಡು ಹೋದರು. ಹೆಣ ಬರಿಮೈಯಲ್ಲಿ ನೆಲದ ಮೇಲೆ ಬಿದ್ದಿತ್ತು. ಕೊನೆಗೆ ಯಾರೂ ಹೇಳದೆ ಕೇಳದೆ, ಹಳ್ಳಿಯ ಕಡೆಯ ಒಬ್ಬ ಸಾಮಾನ್ಯ ಸವಾರ ಬಂದು ಹೆಣ ಸಾಗಿಸುವ ಹೊಣೆ ಹೊತ್ತ. ಮಣ್ಣು ಮಾಡುವ ಹೊತ್ತಿಗೆ ಗುಂಪಿನಿಂದ ಒಬ್ಬ ಎದ್ದು ನಿಂತು ಕೂಗಿದ: "ನಿಲ್ಲಿಸಿ! ಈ ಜಾಗ ನನ್ನ ಅಪ್ಪನದು. ಈ ಸತ್ತವನೇ ಕಿತ್ತುಕೊಂಡದ್ದು. ಇಲ್ಲಿ ಹೂಳಬೇಡಿ."

ಪಾಠ ಮುಗಿದ ಮೇಲೆ ಬಸ್‌ಸ್ಟಾಪಿನವರೆಗೂ ನನಗೆ ಆ ಬರಿಮೈ ಹೆಣದ ಚಿಂತೆಯೇ. ನಾನು ಸತ್ತರೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಹಾಲಿನವನು ಬಂದು ಕೂಗಿ ಹೋಗುತ್ತಾನೆ. ಮಾರನೇ ದಿನವೂ ಕೂಗಿ ಹೋಗುತ್ತಾನೆ. ವಿಮಲಾ ಬಂದಮೇಲೆ ಹಾಗಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ವರ್ಷದ ಅಮಾವಾಸ್ಯೆಗೆ ನಾನು ಚಾಮರಾಜಪೇಟೆಗೆ ಹೋಗಲಿಲ್ಲ. ನೆಗಡಿ ಎಂದು ಹೇಳಿ ಕಳಿಸಿ, ಅಡುಗೆಮನೆಯ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮರ ಹೋಗುವ ಮೊದಲು ನನ್ನ ಶತ್ರುವನ್ನು ಒಂದು ಸಲ ಕಣ್ಣಾರೆ ನೋಡಬೇಕಿತ್ತು. ಮಧ್ಯಾಹ್ನ ಇಳಿಯಿತು. ಬಿಸಿಲು ಇಟ್ಟಿಗೆಯ ರಾಶಿಯ ಮೇಲಿಂದ ಸರಿಯುವ ಹೊತ್ತಿಗೆ ಬೇಲಿಯ ಸಂದಿನಲ್ಲಿ ಒಂದು ಕುಕ್ಕೆ ಒಳಗೆ ಬಂತು, ಅದರ ಹಿಂದೆ ಒಬ್ಬ ಮುದುಕಿ.

ಅವಳು ಬಂದು ಮೊದಲು ಇಟ್ಟಿಗೆಯ ರಾಶಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕುಕ್ಕುರುಗಾಲಿನಲ್ಲಿ ಕೂತು ಮರದ ಬುಡವನ್ನು ಅಂಗೈಯಿಂದ ಗುಡಿಸಿ, ನೀರು ಚಿಮುಕಿಸಿ, ಅಲ್ಲೇ ಬಿದ್ದಿದ್ದ ಒಂದು ಕಲ್ಲಿಗೆ ಅರಿಶಿನ ಹಚ್ಚಿ, ಎಲೆ ಹಾಸಿದಳು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಮಕ್ಕಳಿಗೆ ಬಡಿಸುವ ಹಾಗೆ ಒಂದೊಂದನ್ನೇ ಬಡಿಸಿದಳು. ಕೊನೆಗೆ ಸೊಂಟದ ಗಂಟಿನಿಂದ ಒಂದು ಬೀಡಿ ತೆಗೆದು ಎಲೆಯ ಪಕ್ಕಕ್ಕಿಟ್ಟಳು.

ಮಾಟ ಮಾಡುವವರು ಹೀಗೆ ಬಡಿಸುವುದಿಲ್ಲ. ಅಷ್ಟು ನನಗೂ ತಿಳಿಯಿತು. ಬಾಗಿಲು ತೆಗೆದು ಹೊರಗೆ ಹೋದೆ.

"ಯಾರಮ್ಮಾ ನೀನು?"

ಅವಳು ಬೆಚ್ಚಿ ಎದ್ದಳು. "ಹೆದರ್ಕೋಬ್ಯಾಡಿ ತಾಯಿ, ಕಳ್ಳಿ ಅಲ್ಲ ನಾನು. ಮುನಿವೆಂಕಟಮ್ಮ ಅಂತ. ನಮ್ಮ ಯಜಮಾನ್ರಿಗೆ ಎಡೆ ಇಕ್ಕಿ ಹೊಂಟೋಯ್ತೀನಿ, ಒಂದ್ ಗಳಿಗೆ."

"ಯಜಮಾನ್ರಿಗಾ? ಇಲ್ಲಿ ಯಾಕೆ?"

"ಇಲ್ಲೇ ಮಲಗವ್ರಲ್ಲ ಅವ್ರು" ಎಂದು ಅವಳು ಮರದ ಬುಡ ತೋರಿಸಿದಳು. "ಚಿಕ್ಕಬೈರಪ್ಪ ಅಂತ. ಇದು ನಮ್ದೇ ಹೊಲ ಆಗಿತ್ತು. ನಮ್ಮೋರ್ನ ನಾವು ಹೊಲದಾಗೇ ಮಣ್ಣ್ ಮಾಡೋದು. ಕಲ್ಲೂ ನೆಟ್ಟಿದ್ವಿ. ಸರಪಣಿ ಹಿಡ್ಕೊಂಡು ಅಳತೆಯೋರು ಬಂದ್ರಲ್ಲ, ಆಮ್ಯಾಕೆ ಕಲ್ಲು ಎಲ್ ಹೋಯ್ತೋ. ಮರ ಇತ್ತಲ್ಲ, ಅದರಾಗೆ ಗುರುತು ಹಿಡಿದೆ."

ಹಿರಿಯರ ಹಬ್ಬ. ಹಳ್ಳಿಯವರು ಮಹಾಲಯದ ದಿನ ಸತ್ತವರಿಗೆ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಗಳಲ್ಲೂ ಅದೇ ದಿನ ತರ್ಪಣ. ಆದರೆ ನಮ್ಮ ಸತ್ತವರು ಬೆಂಕಿಗೆ ಹೋಗಿ ಹೊಳೆಗೆ ಸೇರುತ್ತಾರೆ, ಕಾಲಡಿಯಲ್ಲಿ ಮಲಗುವುದಿಲ್ಲ. ಹಾಗಾಗಿ ನಮಗೆ ಅದು ಹೊಳೆಯಲೇ ಇಲ್ಲ. ಹೆಂಡತಿಯೊಬ್ಬಳು ಗಂಡನಿಗೆ ಬಡಿಸಿ ಹೋದ ಊಟವನ್ನು ಮೂರು ವರ್ಷ ಪೊರಕೆಯಲ್ಲಿ ಗುಡಿಸಿ ಹಾಕಿಸಿದ್ದೆವು. ನಮ್ಮಮ್ಮ ಅದನ್ನು ಕಂಡು ಹೆದರಿಕೊಂಡೇ ಸತ್ತಳು. ನನಗೆ ಶತ್ರುವೂ ಇರಲಿಲ್ಲ ಎಂದಾಯಿತು.

ಅವಳನ್ನು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟೆ. ಈಗ ಬಿಳೇಕಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳಂತೆ. ಅಲ್ಲಿಂದ ನಡೆದೇ ಬರುತ್ತಾಳಂತೆ. "ಮಗ ಬೈತಾನೆ. ಮನ್ಯಾಗೆ ಇಕ್ಕಿದ್ರೆ ಸಾಲ್ದಾ, ಕಂಡೋರ ಬೇಲಿ ನುಗ್ಗಾಕೆ ನಾವೇನು ಕಳ್ರಾ ಅಂತಾನೆ. ಮನ್ಯಾಗೆ ಇಕ್ಕಿದ್ರೆ ಅವ್ರು ಅಲ್ಲೀಗಂಟ ಹೆಂಗ್ ಬತ್ತಾರೆ? ಬಿಳೇಕಹಳ್ಳಿ ಅವ್ರು ನೋಡೇ ಇಲ್ಲ."

ಮೇಷ್ಟರಿಗೆ ಬೇರೇನು ಬರುತ್ತದೆ, ನಾನು ವಿಲಿಯಮನ ಕಥೆ ಹೇಳಿದೆ. ದೂರದ ದೇಶದ ಒಬ್ಬ ದೊರೆ, ಸತ್ತಾಗ ಒಬ್ಬ ಎದ್ದು ನಿಂತು, ಇದು ನಮ್ಮಪ್ಪನ ಜಾಗ, ಇಲ್ಲಿ ಹೂಳಬೇಡಿ ಎಂದ ಎಂದೆ. ಅವಳು ಲೋಟ ಕೆಳಗಿಟ್ಟು ಕೇಳಿಸಿಕೊಂಡಳು.

"ಆಮ್ಯಾಕೆ? ಜಾಗ ಬಿಟ್ರಾ?"

"ಇಲ್ಲ. ಅಲ್ಲೇ ಕೈಗೆ ದುಡ್ಡು ಕೊಟ್ರು. ದೊರೇನ ಅಲ್ಲೇ ಹೂತರು."

"ಊ. ನಮ್ಗೂ ಕೊಟ್ರು" ಎಂದಳು ಮುನಿವೆಂಕಟಮ್ಮ.

ಇಪ್ಪತ್ತು ವರ್ಷ ಆ ಕಥೆ ಹೇಳಿದ್ದೇನೆ. ಒಂದು ಸಲವೂ, ನಾನು ಅದರಲ್ಲಿ ಯಾರು ಎಂದು ಕೇಳಿಕೊಂಡಿರಲಿಲ್ಲ. ಮದುವೆಯಿಲ್ಲದ, ಸೈಟಿಲ್ಲದ, ಅಣ್ಣನ ಕೈಯೊಳಗೆ ಕೈಯಿಟ್ಟು ಬದುಕುವ ನಾನು ಸೋತವರ ಕಡೆಯವಳೆಂದೇ ಲೆಕ್ಕ ಹಾಕಿದ್ದೆ. ಕೋಟೆಯೊಳಗೆ ಕೂತಿದ್ದವಳು ನಾನೇ. ಬೇಲಿಯ ಆಚೆಯಿಂದ ಬರುವವರನ್ನು ಕಂಡು ನಡುಗಿದ್ದೂ ಅದಕ್ಕೇ. ನಾಚಿಕೆಯಿಂದ ಮುಖ ಬಿಸಿಯಾಯಿತು.

"ಆ ದೊರೆಗೆ ಈಗ ಯಾರು ಎಡೆ ಇಕ್ತಾರೆ?" ಅವಳು ಕೇಳಿದಳು.

"ಯಾರೂ ಇಲ್ಲ. ಅವರಲ್ಲಿ ಆ ಪದ್ಧತಿ ಇಲ್ಲ."

"ಅಯ್ಯೋ ಪಾಪ" ಎಂದಳು, ನಿನ್ನೆ ಸತ್ತವನ ಬಗ್ಗೆ ಹೇಳುವ ಹಾಗೆ. ಆಮೇಲೆ ಇಟ್ಟಿಗೆಯ ರಾಶಿಯ ಕಡೆ ತಿರುಗಿದಳು. "ಮನೆ ಕಟ್ತೀರಾ ತಾಯಿ ಅಲ್ಲಿ?"

ನಾನು ಕೆಳಗಿದ್ದ ಲೋಟ ಎತ್ತಿಕೊಂಡೆ. ಅವಳು ಮತ್ತೆ ಕೇಳಲಿಲ್ಲ. ಕುಕ್ಕೆ ಎತ್ತಿಕೊಂಡು ಎದ್ದಳು. "ಈ ಕಡೆಯಿಂದ ಬನ್ನಿ, ಗೇಟಿನಿಂದ ಹೋಗಿ" ಎಂದೆ. ಅವಳಿಗೆ ಗೇಟಿನ ಅಗುಳಿ ತೆಗೆಯಲು ಬರಲಿಲ್ಲ. ನಾನೇ ತೆಗೆದುಕೊಟ್ಟೆ.

ಅದಾದ ಮೇಲೆ ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಒಂದು ಕಡೆ ಕಿಟ್ಟಿ, ಜೊಲ್ಲು ಸುರಿಸುವ, ನಗುವ, ಜೀವಂತ ಮಗು. ಇನ್ನೊಂದು ಕಡೆ ನಾನು ಕಂಡೇ ಇಲ್ಲದ ಒಬ್ಬ ಸತ್ತ ಗಂಡಸು, ಅದೂ ಬೀಡಿ ಸೇದುವವನು. ತಕ್ಕಡಿಯಲ್ಲಿ ಹಾಕಿದರೆ ಯಾವ ಬುದ್ಧಿವಂತರಿಗೂ ಅನುಮಾನ ಬರಬಾರದು. ಔಟ್‌ಹೌಸ್ ಕಟ್ಟಿದರೆ ನನಗೆ ಜನ ಸಿಗುತ್ತಾರೆ, ಕಟ್ಟದಿದ್ದರೆ ಯಾರೂ ಇಲ್ಲ. ಆ ಮುದುಕಿ ವರ್ಷಕ್ಕೊಮ್ಮೆ ಬರುವವಳು. ಪಾಯ ತೋಡುವವರು ಮೂಳೆ ಸಿಕ್ಕರೆ ಬುಟ್ಟಿಯಲ್ಲಿ ಹಾಕಿ ಎಸೆಯುತ್ತಾರೆ, ನಾನು ಒಳಗೆ ಬಾಗಿಲು ಹಾಕಿಕೊಂಡಿರುತ್ತೇನೆ, ನೋಡುವುದೂ ಇಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಬಾಳೆ ಎಲೆಯ ಮೇಲೆ ಸಾರು ಹರಿಯದ ಹಾಗೆ ಮುದ್ದೆಯನ್ನು ಒತ್ತಿದ ಆ ಬೆರಳುಗಳೇ ಕಣ್ಣ ಮುಂದೆ.

ವಿಜಯದಶಮಿಯ ಮಾರನೇ ದಿನ ಅಣ್ಣ ಇಬ್ಬರು ಆಳುಗಳನ್ನು ಕೊಡಲಿ, ಹಗ್ಗಗಳ ಸಮೇತ ಕರೆದುಕೊಂಡು ಬಂದ. ಒಬ್ಬ ಕೊಡಲಿ ಎತ್ತಿದಾಗ ನಾನು ಮರದ ಮುಂದೆ ಹೋಗಿ ನಿಂತೆ.

"ನಿಲ್ಲಿಸಿ. ಇಲ್ಲೊಬ್ಬರನ್ನ ಮಣ್ಣು ಮಾಡಿದಾರೆ. ಅವರ ಮನೆಯವರು ಇನ್ನೂ ಬಂದು ಎಡೆ ಇಡ್ತಾರೆ."

ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು, ಪಾಠದ ದನಿಗಿಂತ ಚಿಕ್ಕದು. ಆಳುಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡವನು ಕೊಡಲಿ ಕೆಳಗಿಟ್ಟು, ಕಾಲಿನ ಚಪ್ಪಲಿ ಬಿಟ್ಟು, ಮರಕ್ಕೆ ಕೈ ಮುಗಿದ. "ನಮ್ ಕೈಲಿ ಆಗಲ್ಲ ಸಾಮಿ, ಬೇರೆಯೋರ್ನ ನೋಡ್ಕಳಿ" ಎಂದು ಅಣ್ಣನಿಗೆ ಹೇಳಿ ಹಗ್ಗ ಸುತ್ತಿಕೊಂಡ.

ಅಣ್ಣನ ಮುಖ ಕೆಂಪಗಾಯಿತು. "ಏನೇ ಇದು? ಹೆಣದ ಮೇಲೆ ಮನೆ ಕಟ್ಟಿದೀವಾ ನಾವು? ಅಮ್ಮ ಇದಕ್ಕೇ ಹೋದಳು! ಹೊರಗೆ ತೆಗೆಸಿ ಶುದ್ಧಿ ಮಾಡಿಸ್ತೀನಿ."

"ಬೇಡ ಅಣ್ಣ."

"ಸೈಟು ಯಾರ ಹೆಸರಲ್ಲಿದೆ ಗೊತ್ತಿದೆಯಾ ನಿನಗೆ?"

"ಗೊತ್ತಿದೆ."

ನಾನು ಪಾದಕ್ಕೆ ಮುತ್ತಿಡಲೂ ಇಲ್ಲ, ಪಾದ ಎತ್ತಿ ಕೆಡವಲೂ ಇಲ್ಲ. ಸುಮ್ಮನೆ ನಿಂತಿದ್ದೆ.

"ಹಾಗಾದ್ರೆ ಮಾರ್ತೀನಿ" ಎಂದ ಅಣ್ಣ. ಹೇಳಿದವನಿಗೇ ಅರ್ಥವಾಯಿತು. ಆಳುಗಳು ಆಗಲೇ ರಸ್ತೆಯ ತುದಿಯ ಟೀ ಅಂಗಡಿ ಸೇರಿದ್ದರು. ಸಂಜೆಯೊಳಗೆ ಬ್ಲಾಕಿಗೆಲ್ಲ ಗೊತ್ತಾಗುತ್ತದೆ. ಹೆಣ ಹೂತ ಹಿತ್ತಲಿನ ಮನೆಯನ್ನು ಯಾರು ಕೊಳ್ಳುತ್ತಾರೆ? "ಇರು, ನೀನೇ ಇರು, ಅದರ ಜೊತೆ" ಎಂದವನು ಗೇಟು ಹಾಕದೆ ಹೊರಟುಹೋದ.

ಭಾನುವಾರ ವಿಮಲಾ ಬಂದಳು. ಒಳಗೆ ಬರಲಿಲ್ಲ. "ನಮ್ಮತ್ತೆ ಬೇಡ ಅಂತಾರೆ ಮೇಡಂ, ಮಗು ಇರೋ ಮನೆ ಅಲ್ವಾ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಒಳ್ಳೆಯ ಹುಡುಗಿ. ಕಿಟ್ಟಿ ಗೇಟಿನ ಮೇಲಿಂದ ನನ್ನ ಕನ್ನಡಕಕ್ಕೆ ಕೈ ಚಾಚಿದ. ನಾನು ಮುಂದೆ ಹೋಗಲಿಲ್ಲ. ಅವರು ಬೇರೆ ಬಡಾವಣೆಯಲ್ಲಿ ಎಲ್ಲೋ ಒಂದು ಮನೆ ನೋಡಿಕೊಂಡರೆಂದು ಆಮೇಲೆ ಕೇಳಿದೆ.

ಆ ವರ್ಷ ಕಳೆದದ್ದು ಹೇಗೆಂದು ಬರೆಯುವುದರಲ್ಲಿ ಸ್ವಾರಸ್ಯವಿಲ್ಲ. ಅಣ್ಣನ ಮನೆಯ ಭಾನುವಾರಗಳು ನಿಂತವು. ಅಮ್ಮನ ತಿಥಿಗೆ ಹೇಳಿಕಳಿಸಲಿಲ್ಲ. ಮೊದಲಾದರೂ ಅಲ್ಲಿ ಪಿಂಡ ಇಡುವವನು ಅವನು, ಊಟ ಮಾಡುವುದಷ್ಟೇ ನನ್ನ ಪಾಲಿಗೆ ಇದ್ದದ್ದು, ಈಗ ಅದೂ ಇಲ್ಲವಾಯಿತು. ಆ ದಿನ ಮಧ್ಯಾಹ್ನ ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಹಳೆಯ ಸೀರೆಗಳನ್ನು ಬಿಸಿಲಿಗೆ ಹಾಕಿ, ಮತ್ತೆ ಮಡಿಸಿ ಇಟ್ಟೆ. ಪಕ್ಕದ ಸೈಟಿನಲ್ಲಿ ಮನೆ ಎದ್ದಿತು, ಕಮಲಾದೇವಿ ಎಂಬಾಕೆ ಬಂದರು. ಗೌರಿಹಬ್ಬಕ್ಕೆ ಇಡೀ ಬೀದಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದು ನನ್ನ ಗೇಟನ್ನು ದಾಟಿಕೊಂಡು ಹೋದರು. ಮಾಡಿದ್ದು ಸರಿ ಎಂಬ ತೃಪ್ತಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಎಷ್ಟೋ ಸಂಜೆ ಆ ಇಟ್ಟಿಗೆಯ ರಾಶಿ ನೋಡಿ ಅಳು ಬಂದಿದೆ.

ಅರವತ್ತೆರಡರ ಮಹಾಲಯಕ್ಕೆ ಬೆಳಗ್ಗೆಯೇ ಎದ್ದು ಮರದ ಬುಡವನ್ನು ಗುಡಿಸಿ ಸಾರಿಸಿದೆ. ಗೇಟಿನ ಅಗುಳಿ ತೆಗೆದಿಟ್ಟೆ. ಮಧ್ಯಾಹ್ನವಾಯಿತು, ಇಳಿಹೊತ್ತಾಯಿತು. ಬದುಕಿದ್ದಾಳೋ ಇಲ್ಲವೋ ಎಂದು ಹತ್ತು ಸಲ ಗೇಟಿನ ತನಕ ಹೋಗಿ ಬಂದೆ. ಕೊನೆಗೆ ಹಿಂದಿನಿಂದ ಸದ್ದಾಯಿತು. ಮುನಿವೆಂಕಟಮ್ಮ ಬೇಲಿಯ ಸಂದಿನಿಂದಲೇ ನುಸುಳಿ ಬರುತ್ತಿದ್ದಳು. ಜೊತೆಗೆ ಸೊಸೆ, ಸೊಣ್ಣಮ್ಮ.

"ಗೇಟು ತೆಗೆದಿದ್ದೆನಲ್ಲ" ಎಂದೆ.

"ಇದೇ ದಾರಿ ರೂಢಿ ತಾಯಿ" ಎಂದಳು. ಆಮೇಲೆ ಮರವನ್ನು ನೋಡಿದಳು, ಅದರ ಪಕ್ಕದ ಇಟ್ಟಿಗೆಯ ಮೇಲೆ ಬೆಳೆದ ಪಾಚಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಕಟ್ಲಿಲ್ಲ ನೀವು" ಎಂದಳು. ಅಷ್ಟೇ.

ಇಬ್ಬರೂ ಬಡಿಸಿದರು. ಸೊಣ್ಣಮ್ಮ ಊದುಬತ್ತಿ ಹಚ್ಚಿದಳು, ಮುದುಕಿ ಬೀಡಿ ಇಟ್ಟಳು. ನಾನು ಮಾಂಸದ ಸಾರಿಗೆ ಸ್ವಲ್ಪ ದೂರದಲ್ಲಿ, ಇಟ್ಟಿಗೆಯ ಮೇಲೆ ಕೂತಿದ್ದೆ. ಕೈ ಮುಗಿದಾದ ಮೇಲೆ ಮುನಿವೆಂಕಟಮ್ಮ ನನ್ನ ಕಡೆ ತಿರುಗಿ, ಮನೆಯನ್ನೂ ಖಾಲಿ ಹಿತ್ತಲನ್ನೂ ಒಂದು ಸುತ್ತು ನೋಡಿ, ನೇರವಾಗಿ ಕೇಳಿದಳು:

"ನಿಮ್ಗೆ ಯಾರವ್ವ ಎಡೆ ಇಕ್ಕೋರು?"

ಸೊಣ್ಣಮ್ಮ "ಅತ್ತೆ!" ಎಂದು ಗದರಿದಳು. ನನಗೆ ಕೋಪ ಬರಲಿಲ್ಲ. ಇಷ್ಟು ವರ್ಷ ನಾನೇ ಕೇಳಿಕೊಳ್ಳಲು ಹೆದರಿದ ಪ್ರಶ್ನೆ ಅದು.

"ಯಾರೂ ಇಲ್ಲ" ಎಂದೆ.

ಮುನಿವೆಂಕಟಮ್ಮ ಸೊಸೆಯ ಕಡೆ ಕೈ ತೋರಿಸಿದಳು. "ನಾನಂತೂ ನಿಮಗಿಂತ ಮುಂಚೆ ಹೋಗೋಳು. ಇವಳಿಗೆ ಹೇಳಿರ್ತೀನಿ. ಹೆಂಗೂ ಬತ್ತಾಳೆ, ಇನ್ನೊಂದ್ ಎಲೆ ಹಾಕಿದ್ರೆ ಕೈ ಸವೆಯಲ್ಲ" ಎಂದಳು. ಸೊಣ್ಣಮ್ಮ ತಲೆಯಾಡಿಸಿದಳು. "ನಿಮ್ಗೇನ್ ಇಷ್ಟ, ಅದನ್ನೊಂದು ಹೇಳ್ಬಿಡಿ. ಇಷ್ಟದ್ದೇ ಇಕ್ಕಬೇಕು."

ಅಮ್ಮ ಹೋದ ಮೇಲೆ ನನಗೇನು ಇಷ್ಟ ಎಂದು ಯಾರೂ ಕೇಳಿರಲಿಲ್ಲ. ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ. ಒಬ್ಬಳಿಗೆಂದು ಮಾಡಿಕೊಂಡದ್ದೆಲ್ಲ ಬಾಯಿಗೆ ಒಂದೇ ರುಚಿಯಾಗಿತ್ತು. ಅವರಿಬ್ಬರೂ ಕಾಯುತ್ತ ನಿಂತಿದ್ದರು.

"ಕಾಫಿ" ಎಂದೆ. "ಕಾಫಿ ಇಡಬಹುದಾ ಎಡೆಗೆ?"

"ಬೀಡಿ ಇಕ್ಕಲ್ವಾ?" ಎಂದಳು ಮುನಿವೆಂಕಟಮ್ಮ. ಸೊಸೆಯ ಕಡೆ ತಿರುಗಿ, "ಕಾಫಿ. ಮರೀಬ್ಯಾಡ ಕಣಮ್ಮಿ. ಸಕ್ಕರೆ ಎಷ್ಟು ಕೇಳ್ಕೋ" ಎಂದಳು.

"ಒಂದು ಚಮಚ" ಎಂದು ಹೇಳಿ, ಅವರಿಬ್ಬರಿಗೂ ಕಾಫಿ ಮಾಡಲು ನಾನು ಒಳಗೆ ಹೋದೆ.